ಒಳಪದರಕ್ಕೊಂದು ಹೂಂ

ಬಸ್ ಡಿಪೋದ ಸ್ಟೋರ್‌ಕೀಪರ್‌ಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಡಿಪೋದ ಒಳಗೂ ಹೊರಗೂ ಅವರು ಹೂಂಸಾರ್ ಎಂದೇ ಪ್ರಸಿದ್ಧರು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಹೊರಡುವುದು ಹೂಂ. ಪ್ರಶ್ನೆ ಕಿವಿಗೆ ಬಿದ್ದು, ಕಿವಿಯಿಂದ ತಲೆಗೆ ಏರಿ, ತಲೆ ಅದನ್ನು ವಿಚಾರಿಸುವಷ್ಟರಲ್ಲಿ ಹೂಂ ಹೊರಬಿದ್ದು ಎಷ್ಟೋ ಹೊತ್ತಾಗಿರುತ್ತಿತ್ತು. ಇದರಿಂದ ಅವರಿಗೆ ನಷ್ಟವೇನೂ ಆಗಿರಲಿಲ್ಲ. ಹೂಂ ಎನ್ನುವ ಮನುಷ್ಯನ ಜೊತೆ ಜಗಳ ತೆಗೆಯುವುದು ಕಷ್ಟ. ಕೆಲಸ ಆಗಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಕೇಳಿದವರ ಸಿಟ್ಟೂ ಆರಿಹೋಗಿರುತ್ತದೆ.

ಮನೆಯಲ್ಲೂ ಇದೇ ವ್ಯವಹಾರ. ಮನೆಯಾಕೆ ಅಡಿಗೆಮನೆಯಿಂದ ಗ್ಯಾಸ್ ಮುಗಿಯಿತು ಎನ್ನುವರು, ನಲ್ಲಿ ಸೋರುತ್ತಿದೆ ಎನ್ನುವರು, ಈ ಭಾನುವಾರವಾದರೂ ಅಕ್ಕನ ಮನೆಗೆ ಹೋಗಿಬರೋಣ ಎನ್ನುವರು. ಹಾಲ್‌ನಿಂದ, ಪೇಪರಿನ ಹಿಂದಿನಿಂದ, ಹೂಂ. ಸಂಜೆ ಗ್ಯಾಸ್ ಎಲ್ಲಿ ಎಂದರೆ ಹೂಂಸಾರ್ ಗಾಬರಿಯಾಗುವರು. ಅಯ್ಯೋ, ಕೇಳಿಸಲೇ ಇಲ್ಲ ಕಣೆ, ಮಿಕ್ಸಿ ಸದ್ದು ನೋಡು, ಎನ್ನುವರು. ಮತ್ತೆ ಹೂಂ ಅಂದ್ರಲ್ಲ ಎಂದು ಆಕೆ ಕೇಳಿದರೆ, ಅಂದ್ನಾ ಎಂದು ಇವರೇ ಆಶ್ಚರ್ಯಪಡುವರು. ಆ ಆಶ್ಚರ್ಯ ಎಷ್ಟು ಪ್ರಾಮಾಣಿಕವಾಗಿರುತ್ತಿತ್ತೆಂದರೆ ಆಕೆ ನಂಬಿಬಿಟ್ಟಿದ್ದರು. ದಿನವಿಡೀ ಬಸ್ಸುಗಳ ಗದ್ದಲದಲ್ಲಿ ಇರುವವರು, ಪಾಪ, ಕಿವಿ ಮಂದವಾಗಿದೆ. ಹಾಗೆಂದುಕೊಂಡು ಪ್ರತಿಯೊಂದನ್ನೂ ಎರಡೆರಡು ಸಲ, ದನಿ ಏರಿಸಿ ಹೇಳುತ್ತಿದ್ದರು. ಪ್ರೀತಿಯ ಮಾತನ್ನೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದ ಹಾಗೆ ಕೂಗುತ್ತಿದ್ದರು. ಆ ಸಂಸಾರದ ನೆಮ್ಮದಿಯೆಲ್ಲ ನಿಂತದ್ದು ‘ಕೇಳಿಸಲಿಲ್ಲ’ ಎಂಬ ಒಂದೇ ಮಾತಿನ ಮೇಲೆ. ನಿಜಕ್ಕೂ ಕೇಳಿಸುತ್ತಿತ್ತೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡುವ ಗೋಜಿಗೆ ಹೂಂಸಾರ್ ಎಂದೂ ಹೋಗಿರಲಿಲ್ಲ.

ಈ ಏರ್ಪಾಡಿಗೆ ಕಲ್ಲು ಬಿದ್ದದ್ದು ಷಡ್ಡಕರ ಮನೆಯಲ್ಲಿ.

ಷಡ್ಡಕರೆಂದರೆ ಮನೆಯಾಕೆಯ ಅಕ್ಕನ ಗಂಡ. ವಿಮಾ ಕಚೇರಿಯಲ್ಲಿ ಅಧಿಕಾರಿ. ಯಾವ ವಸ್ತು ಕೊಂಡರೂ ಅದರ ಬಗ್ಗೆ ಉಪನ್ಯಾಸ ಕೊಡುವುದು ಅವರ ಸ್ವಭಾವ. ಬಂದವರು ಉಪನ್ಯಾಸ ಕೇಳಿ ಆಹಾ ಎನ್ನದಿದ್ದರೆ ಆ ವಸ್ತು ಕೊಂಡದ್ದೇ ದಂಡ ಎಂದು ಅವರಿಗೆ ಅನಿಸುತ್ತಿತ್ತು. ಈ ಸಲ ಅವರು ಹಾಡು ಕೇಳುವ ಸರಂಜಾಮು ತಂದಿದ್ದರು. ಒಂದು ಪ್ಲೇಯರ್, ಎರಡು ಎದೆಮಟ್ಟದ ಸ್ಪೀಕರ್, ಇವೆಲ್ಲದರ ನಡುವೆ, ಟಿಫಿನ್ ಡಬ್ಬಿಯಷ್ಟೇ ಗಾತ್ರದ ಒಂದು ಕಪ್ಪು ಪೆಟ್ಟಿಗೆ. ಮುಖದ ಮೇಲೆ ಕೆಂಪು ಅಂಕಿ ಉರಿಯುತ್ತಿತ್ತು: 44.1.

ಇದರ ಹೆಸರು ಡ್ಯಾಕ್ ಎಂದು ಷಡ್ಡಕರು ಶುರುಮಾಡಿದರು. ಸಿ.ಡಿ. ತಟ್ಟೆಯ ಮೇಲೆ ಇರುವುದು ಸಂಗೀತವಲ್ಲ, ಬರೀ ಅಂಕಿ. ಆ ಅಂಕಿಯನ್ನು ಓದಿ ಮತ್ತೆ ಸದ್ದು ಮಾಡಿ ಕೊಡುವುದು ಈ ಪೆಟ್ಟಿಗೆಯ ಕೆಲಸ. ಮಾಮೂಲಿ ಸಿ.ಡಿ.ಯಲ್ಲಿ ಸದ್ದನ್ನು ಸೆಕೆಂಡಿಗೆ ನಲವತ್ನಾಲ್ಕು ಸಾವಿರ ಚಿಲ್ಲರೆ ಸಲ ಅಳೆದಿಟ್ಟಿರುತ್ತಾರೆ. ಈಗ ತಂದಿರುವ ಹೊಸ ತಟ್ಟೆ ಅಂಥಿಂಥದ್ದಲ್ಲ, ಅದಕ್ಕೆ ಎರಡು ಪದರ. ಹೊರಪದರ ಹಳೆಯ ಸಿ.ಡಿ.ಯಂಥದ್ದೇ. ಒಳಪದರದಲ್ಲಿ ಮಾತ್ರ ಸೆಕೆಂಡಿಗೆ ಇಪ್ಪತ್ತೆಂಟು ಲಕ್ಷ ಸಲ ಅಳೆದಿದ್ದಾರೆ. ಪ್ಲೇಯರ್‌ನಿಂದ ಡ್ಯಾಕ್‌ಗೆ ಒಂದೇ ಒಂದು ವೈರು, ಅದರಲ್ಲಿ ಅಷ್ಟೂ ಲಕ್ಷ ಹರಿದು ಬರುತ್ತದೆ. ಮೊದಲ ದಿನ ಒಳಪದರ ಹಾಕಿದಾಗ ಸದ್ದೇ ಬರಲಿಲ್ಲವಂತೆ. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತುತ್ತಾ ಹೋದರಂತೆ, ಯಾವುದೋ ಒಂದು ಗುಂಡಿಗೆ ಬಂದುಬಿಟ್ಟಿತಂತೆ. ತಾಂತ್ರಿಕ ಜ್ಞಾನ ಇದ್ದವರಿಗೆ ಇದೆಲ್ಲ ಕಷ್ಟವಲ್ಲ ಎಂದು ಅವರು ವಿನಯದಿಂದ ಸೇರಿಸಿದರು.

ಒಬ್ಬನೇ ಕೊಳಲುಗಾರ ನುಡಿಸಿದ ಒಂದೇ ರಾಗ. ಮೊದಲು ಹಳೆಯ ಸಿ.ಡಿ. ಹಾಕಿದರು, ಆಮೇಲೆ ಹೊಸ ತಟ್ಟೆ. ಅವರ ಹೆಂಡತಿ ಎರಡೂ ಒಂದೇ ಥರ ಇದೆ ಎಂದುಬಿಟ್ಟರು. ಚಹಾ ಮಾಡು ಹೋಗು ಎಂದು ಷಡ್ಡಕರು ಅವರನ್ನು ಅಡಿಗೆಮನೆಗೆ ಕಳಿಸಿದರು. ಎದುರುಮನೆಯ ದಂತವೈದ್ಯರು ಎರಡನೆಯದು ಸ್ವಲ್ಪ ಜೋರಾಗಿದೆಯೇನೋ ಎಂದು ಅನುಮಾನಿಸಿದರು. ಷಡ್ಡಕರ ಮುಖ ಬಾಡಿತು. ಕೊನೆಯ ಆಸೆಯಿಂದ ಅವರು ಸೋಫಾದ ಮೂಲೆಗೆ ತಿರುಗಿದರು. ಅಲ್ಲಿ ಹೂಂಸಾರ್ ಕಣ್ಣು ಮುಚ್ಚಿ ಕೂತಿದ್ದರು. ಊಟ ಗಟ್ಟಿಯಾಗಿತ್ತು, ಕೊಳಲು ಹಿತವಾಗಿತ್ತು, ನಿದ್ದೆ ಬಂದು ತುಂಬಾ ಹೊತ್ತಾಗಿತ್ತು.

“ನಿಮಗೆ ವ್ಯತ್ಯಾಸ ಗೊತ್ತಾಯ್ತಾ?”

“ಹೂಂ.”

“ಕೊಳಲು ಊದೋಕೆ ಮುಂಚೆ ಅವನು ಉಸಿರು ಎಳ್ಕೊಂಡಿದ್ದು ಕೇಳಿಸ್ತಾ?”

“ಹೂಂ.”

ಷಡ್ಡಕರು ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡಾಗಲೇ ಹೂಂಸಾರ್‌ಗೆ ಎಚ್ಚರವಾದದ್ದು. ಕಿವಿ ಅಂದರೆ ಇದು, ಇಡೀ ಬಂಧುಬಳಗದಲ್ಲಿ ಕಿವಿ ಇರುವುದು ಇವರೊಬ್ಬರಿಗೇ ಎಂದು ಷಡ್ಡಕರು ಗದ್ಗದಿತರಾಗಿ ಸಾರಿದರು. ದಂತವೈದ್ಯರು ಗೌರವದಿಂದ ನೋಡಿದರು. ಅಕ್ಕ ಮಾಡಿದ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೂಂಸಾರ್‌ರ ಮನೆಯಾಕೆಯೂ ನೋಡಿದರು. ಅವರ ನೋಟದಲ್ಲಿ ಇದ್ದದ್ದು ಗೌರವವಲ್ಲ.

ಮನೆಗೆ ಬಂದು, ಚಪ್ಪಲಿ ಬಿಟ್ಟು, ಬಾಗಿಲು ಹಾಕಿದ ಮೇಲೆ ಆಕೆ ಹೇಳಿದರು.

“ಯಾವನೋ ಉಸಿರು ಎಳ್ಕೊಂಡಿದ್ದು ಕೇಳುತ್ತೆ ನಿಮಗೆ. ನಾನು ಗಂಟಲು ಹರ್ಕೊಂಡಿದ್ದು ಕೇಳಲ್ಲ.”

ಹೂಂಸಾರ್ ಬಾಯಿ ತೆರೆದರು. ಹೂಂ ಬಂತು. ಬರಬಾರದಿತ್ತು.

ಅಂದಿನಿಂದ ಆಕೆ ದನಿ ಏರಿಸುವುದನ್ನು ನಿಲ್ಲಿಸಿದರು. ಅಷ್ಟು ಸೂಕ್ಷ್ಮವಾದ ಕಿವಿಗೆ ಕೂಗಿದರೆ ನೋವಾಗಬಹುದೆಂದು ಒಮ್ಮೆ ಮೆಲ್ಲಗೆ ಹೇಳಿದರು, ಆಮೇಲೆ ಎಲ್ಲವನ್ನೂ ಮೆಲ್ಲಗೇ ಹೇಳತೊಡಗಿದರು. ಬೆಳಿಗ್ಗೆ ಏನೋ ಪಿಸುಗುಟ್ಟುವುದು ಪೇಪರಿನಾಚೆ ಕೇಳಿದಂತಾಗುತ್ತಿತ್ತು. ಏನೆಂದೆ ಎಂದು ಕೇಳೋಣವೆಂದರೆ ಧೈರ್ಯ ಸಾಲದು, ಕಿವಿ ಇಟ್ಟುಕೊಂಡು ನಾಟಕ ಬೇರೆ ಆಡುತ್ತೀರಾ ಎಂದಾರು. ಹೂಂ ಎಂದು ಕಳೆಯುತ್ತಿದ್ದರು. ಮೇಲಿನ ಟ್ಯಾಂಕು ತುಂಬಿ ಉಕ್ಕಿತು. ಇಸ್ತ್ರಿಗೆ ಕೊಟ್ಟ ಬಟ್ಟೆ ಇಸ್ತ್ರಿಯವನ ಹತ್ತಿರವೇ ಉಳಿಯಿತು. ಪ್ರತಿಯೊಂದೂ ಬೇಕೆಂದೇ ಮಾಡಿದ್ದೆಂಬ ಲೆಕ್ಕಕ್ಕೆ ಸೇರುತ್ತಾ ಹೋಯಿತು.

ಅಷ್ಟರಲ್ಲಿ ದಂತವೈದ್ಯರು ತಮ್ಮ ಕುರ್ಚಿಗೆ ಬಂದವರಿಗೆಲ್ಲ ಈ ವಿಷಯ ಹೇಳಿದ್ದರು. ಬಾಯಿ ತೆರೆದು ಕೂತವರು ಎದುರು ಮಾತಾಡುವ ಹಾಗಿಲ್ಲವಾದ್ದರಿಂದ ಸುದ್ದಿ ಚೆನ್ನಾಗಿಯೇ ಹಬ್ಬಿತು. ಅವರ ಹತ್ತಿರ ಹಲ್ಲು ಕೀಳಿಸಿಕೊಂಡವರಲ್ಲಿ ಹೂಂಸಾರ್ ಇದ್ದ ಕಟ್ಟಡದ ಕಾರ್ಯದರ್ಶಿಯೂ ಒಬ್ಬರು. ಕಟ್ಟಡದಲ್ಲಿ ಮೌನ ಇಳಿಯಿತು. ಪಕ್ಕದ ಮನೆಯ ವಕೀಲರು ಮತ್ತು ಅವರ ಹೆಂಡತಿ ಕೈಸನ್ನೆಯಲ್ಲಿ ಜಗಳವಾಡಲು ಕಲಿತರು. ಆದರೆ ತಟ್ಟೆ ಬೀಳುವುದು ಮಾತ್ರ ಮೊದಲಿನಂತೆಯೇ ಕೇಳುತ್ತಿತ್ತು. ಮೇಲಿನ ಮನೆಯವರು ಫೋನ್ ಬಂದರೆ ತಾರಸಿಗೆ ಓಡುವರು. ಹೂಂಸಾರ್ ಮೆಟ್ಟಿಲಲ್ಲಿ ಎದುರಾದರೆ ಜನ ನಕ್ಕು, ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ಒಂದು ದಿನ ಕಾರ್ಯದರ್ಶಿಯೇ ಊದಿದ ಕೆನ್ನೆಯೊಂದಿಗೆ ಬಂದು, ತಾನು ಅವರ ಬಗ್ಗೆ ಹಿಂದೆ ಆಡಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಬೇಡಿಕೊಂಡರು. ಏನು ಆಡಿದ್ದರೆಂದು ಹೂಂಸಾರ್‌ಗೆ ಗೊತ್ತೇ ಇರಲಿಲ್ಲ. ಆದರೂ ಹೂಂ ಎಂದರು. ಕಾರ್ಯದರ್ಶಿ ಇನ್ನಷ್ಟು ಬೆವರಿ, ಎಲ್ಲವನ್ನೂ ತಾವಾಗಿಯೇ ಒಂದೊಂದಾಗಿ ಹೇಳಿ ಹೋದರು.

ಡಿಪೋದ ಬಸ್ಸುಗಳ ವಿಮೆ ಷಡ್ಡಕರ ಕಚೇರಿಯದ್ದು. ಹಾಗಾಗಿ ಸುದ್ದಿ ಡಿಪೋ ಮ್ಯಾನೇಜರನ್ನು ಮುಟ್ಟಲು ತಡವಾಗಲಿಲ್ಲ. ಇಂಥ ಕಿವಿಯನ್ನು ಸ್ಟೋರಿನಲ್ಲಿ ನಟ್ಟು ಬೋಲ್ಟಿನ ಜೊತೆ ಕೂರಿಸಿದ್ದೇವಲ್ಲ ಎಂದು ಅವರಿಗೆ ಪಶ್ಚಾತ್ತಾಪವಾಯಿತು. ಹೂಂಸಾರ್‌ರನ್ನು ಕರೆಸಿ, ಇಂಜಿನ್ ಚಾಲೂ ಇಟ್ಟ ಬಸ್ಸಿನ ಮುಂದೆ ನಿಲ್ಲಿಸಿದರು. ಏನು ಕೇಳುತ್ತದೆ ಎಂದು ಕೇಳಿದರು. ಬಸ್ಸು ಕೇಳುತ್ತಿತ್ತು. ಅದನ್ನು ಹೇಳುವುದು ಹೇಗೆಂದು ಅವರು ಯೋಚಿಸುತ್ತಿರುವಾಗ, ಗೇರ್‌ಬಾಕ್ಸಾ ಎಂದು ಹಿರಿಯ ಮೆಕ್ಯಾನಿಕ್ ಕೇಳಿದ. ಉತ್ತರ ಎಂದಿನಂತೆ ತಾನಾಗಿಯೇ ಹೊರಟಿತು.

ಗೇರ್‌ಬಾಕ್ಸ್ ಬಿಚ್ಚಿದರು. ಬಿಚ್ಚಿದ ಮೇಲೆ ಏನಾದರೂ ಸಿಕ್ಕೇ ಸಿಗುತ್ತದೆ, ಒಂದು ಸವೆದ ಹಲ್ಲು ಸಿಕ್ಕಿತು. ಮ್ಯಾನೇಜರ್ ಬೆನ್ನು ತಟ್ಟಿದರು. ಆಮೇಲೆ ಬಸ್ಸುಗಳು ಸಾಲುಗಟ್ಟಿದವು. ಮೆಕ್ಯಾನಿಕ್ ಹೆಸರಿಸುತ್ತಾ ಹೋದ, ಇವರು ಹೂಂ ಎನ್ನುತ್ತಾ ಹೋದರು. ಆ ವಾರ ಡಿಪೋದ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ, ರಸ್ತೆಯ ಮೇಲೆ ಬಸ್ಸಿರಲಿಲ್ಲ. ಬಿಚ್ಚಿದ್ದಕ್ಕೆಲ್ಲ ಹೊಸ ಬಿಡಿಭಾಗ ಕೊಡಬೇಕಾದವರೂ ಹೂಂಸಾರ್ ಅವರೇ. ಸ್ಟಾಕಿಲ್ಲ ಎಂದು ವರ್ಷಗಟ್ಟಲೆ ಜತನದಿಂದ ಕಾಪಾಡಿಕೊಂಡು ಬಂದಿದ್ದ ಸ್ಟೋರು ಅವರ ಹೂಂನಿಂದಲೇ ಖಾಲಿಯಾಯಿತು. ಬಸ್ ಸ್ಟಾಪಿನಲ್ಲಿ ನಿಂತ ಜನ ಯಾರನ್ನು ಬೈಯುತ್ತಿದ್ದಾರೆಂದು ಕೇಳಲು ಮಾತ್ರ ವಿಶೇಷ ಕಿವಿಯೇನೂ ಬೇಕಾಗಿರಲಿಲ್ಲ.

ಇದೆಲ್ಲವನ್ನೂ ಹೂಂಸಾರ್ ಹೇಗೋ ತಡೆದುಕೊಳ್ಳುತ್ತಿದ್ದರು. ತಡೆಯಲಾಗದೆ ಹೋದದ್ದು ಅತ್ತೆಯ ವಿಷಯ.

ಶುಕ್ರವಾರ ಬೆಳಿಗ್ಗೆ ಮನೆಯಾಕೆ ಎಂದಿನ ಮೆಲುದನಿಯಲ್ಲಿ ಏನೋ ಹೇಳಿದ್ದರು. ಇವರು ಹೂಂ ಎಂದಿದ್ದರು. ಹೇಳಿದ್ದೇನೆಂದರೆ, ಸಂಜೆ ಅಮ್ಮ ರೈಲಿಗೆ ಬರುತ್ತಾರೆ, ಡಿಪೋದಿಂದ ಹಾಗೇ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬನ್ನಿ. ಮಂಡಿನೋವಿನ ಹೆಂಗಸು, ಎರಡು ಭಾರದ ಚೀಲ. ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೂ ಕಾದು, ಪೋರ್ಟರ್‌ನಿಂದ ಅಯ್ಯೋ ಪಾಪ ಅನ್ನಿಸಿಕೊಂಡು, ಕೊನೆಗೆ ಟ್ಯಾಕ್ಸಿ ಹಿಡಿದು ದೊಡ್ಡ ಮಗಳ ಮನೆಗೆ ಹೋದರು. ಹೂಂಸಾರ್ ಮನೆಗೆ ಬಂದಾಗ ಬೀಗ ಹಾಕಿತ್ತು. ಫೋನ್ ಮಾಡಿದರೆ, ಅಕ್ಕನ ಮನೆಗೆ ಹೋಗಿದ್ದ ಮನೆಯಾಕೆ ಶಾಂತವಾಗಿಯೇ ಮಾತಾಡಿದರು. ತನ್ನನ್ನು ಏನು ಮಾಡಿದ್ದರೂ ನುಂಗಿಕೊಳ್ಳುತ್ತಿದ್ದೆ, ಅಮ್ಮನನ್ನು ಬೇಕೆಂದೇ ನಿಲ್ಲಿಸಿದಿರಿ. ಅಮ್ಮ ಸೋಮವಾರ ಊರಿಗೆ ಹೊರಡುತ್ತಾರೆ, ತಾನೂ ಜೊತೆಗೆ ಹೊರಡುವವಳಿದ್ದೇನೆ. ಎಷ್ಟು ದಿನಕ್ಕೆ ಎಂದು ಇವರು ಕೇಳಲಿಲ್ಲ. ಕೇಳಲು ಹೆದರಿಕೆಯಾಯಿತು. ಆ ರಾತ್ರಿ ಮನೆಯಲ್ಲಿ ಯಾರೂ ಏನೂ ಹೇಳದೆ ಇರುವುದನ್ನು ಅವರು ಸ್ಪಷ್ಟವಾಗಿ ಕೇಳಿದರು, ಅದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಭಾನುವಾರ ಕ್ಷಮೆ ಕೇಳಲೆಂದು ಷಡ್ಡಕರ ಮನೆಗೆ ಹೋದರೆ ಅಲ್ಲಿ ಸಭೆ ಸೇರಿತ್ತು. ಷಡ್ಡಕರ ಮೇಲಧಿಕಾರಿ ಬಂದಿದ್ದರು. ಡಿಪೋ ಮ್ಯಾನೇಜರ್ ಬಂದಿದ್ದರು. ದಂತವೈದ್ಯರಂತೂ ಇದ್ದೇ ಇದ್ದರು. ಸರಿಯಾದ ಹೊತ್ತಿಗೆ ಬಂದಿರಿ ಎಂದು ಷಡ್ಡಕರು ಅವರನ್ನು ನಡುವಿನ ಕುರ್ಚಿಗೆ ದೂಡಿದರು. ಪ್ಲೇಯರ್‌ನ ಮೇಲೆ ಟವೆಲ್ ಹೊದಿಸಲಾಗಿತ್ತು. ಷಡ್ಡಕರು ಯಾವ ತಟ್ಟೆ ಹಾಕಿದರೆಂದು ಹೂಂಸಾರ್ ಕಿವಿಯಿಂದಲೇ ಹೇಳಬೇಕು. ಮೇಲಧಿಕಾರಿಗೆ ಇಂಥ ಕಿವಿ ಇರುವುದರಲ್ಲೇ ನಂಬಿಕೆ ಇರಲಿಲ್ಲವಂತೆ, ಷಡ್ಡಕರು ತಮ್ಮ ಮಾನವನ್ನೇ ಪಣಕ್ಕಿಟ್ಟಿದ್ದರಂತೆ.

ಹೂಂಸಾರ್ ಸುತ್ತ ನೋಡಿದರು. ಸರಿ ಹೇಳಿದರೆ ಕಿವಿ ಇರುವುದು ಖಾತ್ರಿಯಾಗಿ ಹೆಂಡತಿ ರೈಲು ಹತ್ತುತ್ತಾರೆ. ತಪ್ಪು ಹೇಳಿದರೆ ಷಡ್ಡಕರ ಮಾನ ಹೋಗುತ್ತದೆ, ಅದರ ಹಿಂದೆಯೇ ಮ್ಯಾನೇಜರ್‌ಗೆ ಗೇರ್‌ಬಾಕ್ಸುಗಳ ನೆನಪಾಗುತ್ತದೆ. ಅಡಿಗೆಮನೆಯ ಬಾಗಿಲಲ್ಲಿ ಮನೆಯಾಕೆ ಅಕ್ಕನ ಜೊತೆ ನಿಂತಿದ್ದರು. ಇವರತ್ತ ನೋಡುತ್ತಿರಲಿಲ್ಲ. ಅತ್ತೆ ಬೇರೆ ಜಾಗ ಸಿಗದೆ, ಮಂಡಿ ಚಾಚಿಕೊಂಡು, ಕಪ್ಪು ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದರು. ಅವರಂತೂ ಇವರನ್ನು ನೋಡುವುದನ್ನು ಶುಕ್ರವಾರ ಸಂಜೆಯೇ ಬಿಟ್ಟಿದ್ದರು.

ಕೊಳಲು ಒಮ್ಮೆ ನುಡಿಯಿತು. ಇನ್ನೊಮ್ಮೆ ನುಡಿಯಿತು. ಹೂಂಸಾರ್ ಜೀವನದಲ್ಲಿ ಮೊದಲ ಸಲ ಗಮನವಿಟ್ಟು ಕೇಳಿದರು. ಬೆವರು ಬರುವಷ್ಟು ಕೇಳಿದರು.

“ಯಾವುದು ಒಳಪದರ? ಎರಡನೆಯದು ತಾನೆ?” ಎಂದರು ಷಡ್ಡಕರು, ಸ್ವಲ್ಪ ನೆರವಾಗುವ ದನಿಯಲ್ಲಿ.

ಹೂಂ ಗಂಟಲವರೆಗೆ ಬಂತು. ಹೂಂಸಾರ್ ಅದನ್ನು ನುಂಗಿದರು.

“ಉಹೂಂ. ನಂಗೆ ಗೊತ್ತಾಗ್ತಿಲ್ಲ ಭಾವ. ಎರಡೂ ಒಂದೇ ಥರ ಇದೆ. ಅವತ್ತೂ ಗೊತ್ತಾಗಿರಲಿಲ್ಲ. ಅವತ್ತು ನಿದ್ದೆ ಮಾಡ್ತಿದ್ದೆ.”

“ಮತ್ತೆ ಗೇರ್‌ಬಾಕ್ಸು?” ಎಂದರು ಮ್ಯಾನೇಜರ್.

“ಅದೂ ಉಹೂಂ ಸಾರ್.”

ಸತ್ಯ ಹೇಳಿದರೆ ಭೂಮಿ ಬಾಯಿ ಬಿಡುತ್ತದೆಂದು ಅವರು ಎಣಿಸಿದ್ದರು. ಹಾಗೇನೂ ಆಗಲಿಲ್ಲ. ಯಾರೂ ನಂಬಲಿಲ್ಲ, ಅಷ್ಟೆ. ಎಂಥ ವಿನಯ ನೋಡಿ ಎಂದು ಷಡ್ಡಕರು ಮೇಲಧಿಕಾರಿಗೆ ಹೇಳಿದರು. ದೊಡ್ಡವರೆಲ್ಲ ಹೀಗೇ, ತಮಗೇನೂ ಗೊತ್ತಿಲ್ಲ ಅನ್ನುತ್ತಾರೆ ಎಂದು ದಂತವೈದ್ಯರು ತಲೆದೂಗಿದರು. ಸವೆದ ಹಲ್ಲು ಸಿಕ್ಕಿತ್ತಲ್ಲ, ಅದನ್ನು ತಾನೇ ಕಣ್ಣಾರೆ ನೋಡಿದ್ದೇನೆ ಎಂದು ಮ್ಯಾನೇಜರ್ ಪಟ್ಟು ಹಿಡಿದರು. ಹೂಂಸಾರ್ ತಮಗೆ ಕಿವಿಯಿಲ್ಲವೆಂದು ಆಣೆಯಿಡಲು ಹೊರಟರು. ಅದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಾಕೆಯೂ ನಂಬಿದಂತೆ ಕಾಣಲಿಲ್ಲ.

ಆಗ ಅತ್ತೆ ಬಾಯಿ ಬಿಟ್ಟರು. ಸ್ಟೇಷನ್ನಿನಿಂದ ಬರುವಾಗ ದಾರಿಯುದ್ದಕ್ಕೂ ಟ್ಯಾಕ್ಸಿ ಮೀಟರನ್ನೇ ನೋಡುತ್ತಾ, ಪ್ರತಿ ಅಂಕಿಗೂ ಅಳಿಯನನ್ನು ನೆನೆಯುತ್ತಾ ಬಂದಿದ್ದ ಅವರಿಗೆ ಉರಿಯುವ ಅಂಕಿ ಎಲ್ಲಿ ಕಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಆಗಿನಿಂದ ನೋಡ್ತಿದೀನಿ, ಈ ಪೆಟ್ಟಿಗೆ ಎರಡಕ್ಕೂ ಅದೇ ಅಂಕಿ ತೋರಿಸ್ತಿದೆ. ಅದೇನೋ ಲಕ್ಷ ಲಕ್ಷ ಅಂದ್ರಲ್ಲ. ಅಂಕಿ ಓಡದಿದ್ರೆ ಗಾಡಿ ನಿಂತಿದೆ ಅಂತ ತಾನೆ?”

ಎಲ್ಲರೂ ಬಗ್ಗಿ ನೋಡಿದರು. ಮಾಮೂಲಿ ಸಿ.ಡಿ.ಯ ಅದೇ ನಲವತ್ನಾಲ್ಕು ಸಾವಿರ ಚಿಲ್ಲರೆ: 44.1. ಷಡ್ಡಕರು ತಟ್ಟೆ ಬದಲಿಸಿದರು. 44.1. ಪೆಟ್ಟಿಗೆಯ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟರು. 44.1. ಮೇಲಧಿಕಾರಿ ಗಂಟಲು ಸರಿಪಡಿಸಿಕೊಂಡರು. ಬೇರೆ ದಾರಿಯಿಲ್ಲದೆ ಷಡ್ಡಕರು ಅಂಗಡಿಯವನಿಗೆ ಫೋನ್ ಮಾಡಿ, ಪೆಟ್ಟಿಗೆ ಕೆಟ್ಟಿದೆ ಎಂದು ಎಲ್ಲರಿಗೂ ಕೇಳುವಂತೆ ಗದರಿಸಿದರು. ಮೇಲಧಿಕಾರಿ ಫೋನಿನ ಸ್ಪೀಕರ್ ಹಾಕಿ ಎಂದು ಸನ್ನೆ ಮಾಡಿದರು.

ಅಂಗಡಿಯವನಿಗೆ ಸಿಟ್ಟು ಬರಲಿಲ್ಲ. ದಿನಾ ಇದನ್ನೇ ಹೇಳುವವನ ದನಿಯಲ್ಲಿ ಹೇಳಿದ.

“ಕೆಟ್ಟಿಲ್ಲ ಸಾರ್. ಆ ವೈರಲ್ಲಿ ಒಳಪದರ ಹೊರಗೆ ಬರೋದೇ ಇಲ್ಲ. ಜನ ಕಾಪಿ ಮಾಡ್ಕೋತಾರೆ ಅಂತ ತಯಾರು ಮಾಡಿದವರೇ ಬಂದ್ ಮಾಡಿದಾರೆ. ಒಳಪದರ ಹಾಕಿದ್ರೆ ಸದ್ದೇ ಬರಬಾರದು. ಬರ್ತಿದೆ ಅಂದ್ರೆ ನೀವು ಗುಂಡಿ ಒತ್ತಿ ಹೊರಪದರಕ್ಕೆ ಹೋಗಿದೀರಿ.”

“ಹಾಗಾದ್ರೆ ಇಷ್ಟು ದಿನ ನಾವು ಕೇಳಿದ್ದು?”

“ಮಾಮೂಲಿ ಸಿ.ಡಿ. ಸಾರ್. ಅದೂ ಚೆನ್ನಾಗೇ ಇರುತ್ತೆ.” ಪ್ಲೇಯರ್‌ನ ಹಿಂದೆ ಕೆಂಪು ಬಿಳಿ ತೂತುಗಳಿವೆ, ಅಲ್ಲಿಂದ ನೇರವಾಗಿ ವೈರು ಎಳೆದರೆ ಒಳಪದರ ಬರುತ್ತದೆ, ಡ್ಯಾಕ್ ಬೇಕಾಗಿಲ್ಲ ಎಂದೂ ಸೇರಿಸಿದ. ಹಾಗಿದ್ದರೆ ಡ್ಯಾಕ್ ಯಾಕೆ ಕೊಟ್ಟೆ ಎಂದು ಷಡ್ಡಕರು ಕುಸಿದ ದನಿಯಲ್ಲಿ ಕೇಳಿದರು. ನೀವು ಕೇಳಿದಿರಿ ಸಾರ್, ಕೊಟ್ಟೆ, ಎಂದ.

ಹಾಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಉಸಿರು ಕೇಳಿದವರು, ಗಾಳಿ ಕೇಳಿದವರು, ಕೊಳಲಿನ ಬಿದಿರು ಕೇಳಿತೆಂದು ಇತ್ತೀಚೆಗೆ ಹೇಳತೊಡಗಿದ್ದ ದಂತವೈದ್ಯರು, ಎಲ್ಲರೂ ನೆಲ ನೋಡಿದರು. ಮೊದಲು ತಲೆಯೆತ್ತಿದವರು ಮೇಲಧಿಕಾರಿ. ಅಂದರೆ ಎರಡೂ ಒಂದೇ ಎಂದು ಸರಿಯಾಗಿ ಕೇಳಿಸಿಕೊಂಡವರು ಈ ಕೋಣೆಯಲ್ಲಿ ಇವರೊಬ್ಬರೇ ಅಲ್ಲವೇ ಎಂದು ಹೂಂಸಾರ್‌ರತ್ತ ಕೈ ತೋರಿಸಿದರು. ಷಡ್ಡಕರಿಗೆ ಹೋದ ಜೀವ ಬಂತು. ಅದಕ್ಕೇ ನಾನು ಇವರನ್ನು ನಡುವೆ ಕೂರಿಸಿದ್ದು, ಕಿವಿ ಅಂದರೆ ಇದು ಎಂದು ಹಳೆಯ ಘೋಷಣೆಯನ್ನೇ ಮತ್ತೆ ಮಾಡಿದರು. ಅವರ ಹೆಂಡತಿ ಮೊದಲ ದಿನವೇ ನಾನು ಹೇಳಿರಲಿಲ್ಲವೇ ಎಂದದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಮ್ಯಾನೇಜರ್ ಎದ್ದು ಬಂದು ಕೈ ಕುಲುಕಿ, ನಾಳೆ ಉಳಿದ ಬಸ್ಸುಗಳನ್ನೂ ನೋಡಿಬಿಡೋಣ ಎಂದರು.

ಹೂಂಸಾರ್‌ಗೆ ಅಳು ಬರುವುದೊಂದು ಬಾಕಿ. ಕಿವಿ ಇಲ್ಲವೆಂದು ಸಾಧಿಸಲು ಹೋಗಿ ಊರಿಗೆಲ್ಲ ಇರುವುದಕ್ಕಿಂತ ಒಳ್ಳೆಯ ಕಿವಿ ಅಂಟಿಸಿಕೊಂಡು ಕೂತಿದ್ದರು. ಬಾಗಿಲಿನತ್ತ ನೋಡಿದರು. ಮನೆಯಾಕೆ ಈಗ ಅವರನ್ನೇ ನೋಡುತ್ತಿದ್ದರು. ಆ ಗದ್ದಲದ ನಡುವೆ ಆಕೆಯ ತುಟಿ ಅಲುಗಿತು. ಏನೋ ಹೇಳಿದರು. ಹೇಳಿ ಒಳಗೆ ಹೊರಟುಹೋದರು.

ಉತ್ತರ ಎಂದಿನಂತೆ ಸಿದ್ಧವಾಗಿ ಬಂದು ತುದಿನಾಲಿಗೆಯ ಮೇಲೆ ನಿಂತಿತು. ಹೂಂಸಾರ್ ಬಾಯಿ ಮುಚ್ಚಿಕೊಂಡು, ಮ್ಯಾನೇಜರ್ ಕೈಯನ್ನು ಅಲ್ಲೇ ಬಿಟ್ಟು, ಅತ್ತೆಯ ಚಾಚಿದ ಕಾಲು ದಾಟಿ, ಅಡಿಗೆಮನೆಗೆ ಹೋದರು.

“ಏನಂದೆ? ಕೇಳಿಸಲಿಲ್ಲ.”

“ನಿಮಗೆ ಕೇಳಿಸದೆ ಇರುತ್ತಾ?”

“ಇಲ್ಲ ಕಣೆ. ಎಷ್ಟೋ ಸಲ ಕೇಳಿಸಿಕೊಂಡೇ ಇಲ್ಲ ನಾನು. ಕೇಳಿಸಿಕೊಳ್ಳೋ ಮುಂಚೇನೇ ಹೂಂ ಅಂದುಬಿಡ್ತೀನಿ. ಅಮ್ಮ ಬರ್ತಾರೆ ಅಂದಿದ್ದೂ ಕೇಳಿಸಿಕೊಂಡಿರಲಿಲ್ಲ. ತಪ್ಪಾಯ್ತು. ಈಗ ಏನಂದೆ, ಇನ್ನೊಂದ್ಸಲ ಹೇಳು.”

ಆಕೆ ಸೆರಗಿಗೆ ಕೈ ಒರೆಸಿಕೊಂಡರು.

“ನಾನು ಏನೂ ಅನ್ನಲೇ ಇಲ್ಲ. ಬರೀ ತುಟಿ ಆಡಿಸಿದೆ. ನೀವೇನಾದ್ರೂ ಅಲ್ಲಿಂದಲೇ ಹೂಂ ಅಂದಿದ್ರೆ, ನಾಳೆ ರೈಲು ಹತ್ತೋದು ಗ್ಯಾರಂಟಿ ಇತ್ತು.”

ಹೂಂಸಾರ್ ಉತ್ತರ ಕೊಡಲು ಬಾಯಿ ತೆರೆದರು. ಹಾಗೇ ನಿಂತರು. ಅವರಿಗೆ ಬರುತ್ತಿದ್ದದ್ದು ಒಂದೇ ಮಾತು, ಅದನ್ನು ಈಗ ಆಡುವ ಹಾಗಿರಲಿಲ್ಲ.